2024ರ ಆಲ್ಬಮ್ ಯಾವ್ದು? ಒಂದೇ ಹೇಳ್ಬೇಕು, ಪೂರ್ತಿ ಕೇಳಿರ್ಬೇಕು

ಬಿಸೈಡ್_ಸುಬ್ಬ

ಡಿಸೆಂಬರ್ ಕೊನೇ ವಾರ, ಎಲ್ಲಿ ನೋಡಿದ್ರೂ ಟಾಪ್ 50, ಟಾಪ್ 100. ಓದಿ ಓದಿ ತಲೆ ಚಿಟ್ಟು ಹಿಡಿದೋಯ್ತು ಕಣ್ರೋ. ನೂರು ಆಲ್ಬಮ್ ಹೆಸ್ರು ಬರ್ಕೊಂಡು ಕೂತಿರೋ ಪುಣ್ಯಾತ್ಮ ಅದ್ರಲ್ಲಿ ಎಷ್ಟನ್ನ ಎರಡನೇ ಸಲ ಹಾಕಿರ್ತಾನೆ ಅನ್ನೋದೇ ನನ್ ಡೌಟು. ಅದಕ್ಕೇ ಇಲ್ಲಿ ಲಿಸ್ಟ್ ಬೇಡ, ಒಂದೇ ಒಂದು ಹೇಳಿ. ಕಂಡೀಷನ್ ಎರಡು. ಮೊದಲನೇ ಹಾಡಿಂದ ಕೊನೇದ್ರವರೆಗೂ ಮಧ್ಯ ಏನೂ ಹಾರಿಸ್ದೆ ಕಮ್ಮಿ ಅಂದ್ರೂ ಐದ್ ಸಲ ಕೇಳಿರ್ಬೇಕು. ಆಮೇಲೆ ಅದು ಎಲ್ಲಿ ಸೊರಗುತ್ತೆ, ಎಲ್ಲಿ ಬೋರ್ ಹೊಡಿಯುತ್ತೆ ಅಂತ ಹೇಳ್ಬೇಕು. ಆ ಜಾಗ ತೋರ್ಸಕ್ಕಾಗ್ದಿದ್ರೆ ನೀವು ಕೇಳಿಲ್ಲ, ಬರೀ ಅಭಿಮಾನಿ ಅಂತ ಲೆಕ್ಕ.

ನಂದು ನಾನೇ ಮೊದ್ಲು ಹೇಳ್ಬಿಡ್ತೀನಿ. ಬಿಲ್ಲಿ ಐಲಿಷ್‌ದು ಹಿಟ್ ಮಿ ಹಾರ್ಡ್ ಅಂಡ್ ಸಾಫ್ಟ್. ಮೇ 17ಕ್ಕೆ ಬಂತು, ಹತ್ತೇ ಹಾಡು, ಮುಕ್ಕಾಲು ಗಂಟೆ ಒಳಗೆ ಮುಗಿದೋಗುತ್ತೆ. ಬರೋಕ್ ಮುಂಚೆ ಒಂದು ಸಿಂಗಲ್ಲೂ ಬಿಡ್ಲಿಲ್ಲ ಅವ್ಳು, ಎಲ್ಲಾ ಒಟ್ಟಿಗೇ ಕೇಳ್ಲಿ ಅಂತ. ಈಗಿನ ಕಾಲದಲ್ಲಿ ಅಷ್ಟು ದೊಡ್ಡ ಸ್ಟಾರ್ ಹಂಗ್ ಮಾಡೋದು ಸಣ್ಣ ಮಾತಲ್ಲ. ಲಾಮೂರ್ ದ ಮಾ ವಿ ಅನ್ನೋ ಹಾಡು ಹಳೇ ಕಾಲದ ಕ್ಲಬ್ ಹಾಡಿನ ಥರ ನಿಧಾನಕ್ಕೆ ನಡೀತಿರುತ್ತೆ, ಇದ್ದಕ್ಕಿದ್ದಂಗೆ ಮಗ್ಗುಲು ಬದಲಾಯಿಸಿ ಸಿಂಥ್ ಕೀಬೋರ್ಡ್ ಹೊಡ್ಕೊಂಡು ಓಡಕ್ ಶುರು ಮಾಡುತ್ತೆ. ಬಿಟರ್‌ಸ್ವೀಟ್ ಹಾಡಿನ ಕೊನೇಲಿ ಬರೋ ರಾಗಾನೇ ಹಿಡ್ಕೊಂಡು ಬ್ಲೂ ಶುರುವಾಗುತ್ತೆ, ಎರಡರ ಮಧ್ಯ ಸಂದಿನೇ ಗೊತ್ತಾಗಲ್ಲ. ಹಾಡಿನ ಕ್ರಮ ಕಲಸಿ ಶಫಲ್‌ನಲ್ಲಿ ಕೇಳೋರಿಗೆ ಈ ಸುಖ ಇಲ್ಲ, ಸಾರಿ.

ನನ್ ಫ್ರೆಂಡ್ ಒಬ್ಬ ಹೇಳ್ತಾನೆ, ನೀನು ಆಲ್ಬಮ್ ಕೇಳೋದು ಪರೀಕ್ಷೆಗೆ ಕೂತಂಗೆ ಅಂತ. ಆಗ್ಲಿ ಬಿಡು. ಶುರು ಹಚ್ಕೊಳ್ಳಿ.

ರಾತ್ರಿಪಾಳಿ

ಬ್ರ್ಯಾಟ್. ಮುಗೀತು, ಬಾಗಿಲು ಹಾಕಿ.

ತಮಾಷೆ ಬಿಡಿ, ಪಾಪ್ ಹಾಡುಗಾರ್ತಿ ಚಾರ್ಲಿ ಎಕ್ಸ್‌ಸಿಎಕ್ಸ್‌ದು ಇದು, ಅವ್ಳ ಹೆಸ್ರು ಹೇಳಿದ ತಕ್ಷಣ ಸೀರಿಯಸ್ ಕೇಳುಗರೆಲ್ಲ ಮೂಗು ಮುರಿಯೋದು ನಂಗೊತ್ತು, ಕವರ್ ಮೇಲೆ ಹಸಿರು ಬಣ್ಣ, ಮಸುಕು ಮಸುಕು ಅಕ್ಷರ, ಇಡೀ ಬೇಸಿಗೆ ಮೀಮ್, ಕಾಲಿನ್ಸ್ ಡಿಕ್ಷನರಿಯವ್ರು ವರ್ಷದ ಪದ ಅಂತಾನೂ ಅದನ್ನೇ ಮಾಡ್ಬಿಟ್ರು, ಈ ಗಲಾಟೇಲಿ ಹಾಡು ಹೆಂಗಿದೆ ಅಂತ ಮಾತಾಡೋರೇ ಕಮ್ಮಿ ಆಗೋದ್ರು. 15 ಹಾಡು, 41 ನಿಮಿಷ ಅಷ್ಟೇ. 360ಯಿಂದ ಶುರುವಾಗಿ 365ಗೆ ಮುಗಿಯುತ್ತೆ, ಅದೇ ಟ್ಯೂನು ಕೊನೇಲಿ ಕುಡಿದು ತಲೆ ಕೆಟ್ಟಂಗೆ ವಾಪಸ್ ಬರುತ್ತೆ. ಸುಬ್ಬ ಅವ್ರೆ ನಿಮ್ಮ "ಒಟ್ಟಿಗೇ ಕೇಳ್ಬೇಕು" ವಾದಕ್ಕೆ ಇದಕ್ಕಿಂತ ಒಳ್ಳೇ ಸಾಕ್ಷಿ ಬೇಕಾ?

ಪಾರ್ಟಿ ಆಲ್ಬಮ್ ಅಂತೀರಲ್ಲ, ಸೋ ಐ ಕೇಳಿ. 2021ರಲ್ಲಿ ತೀರಿಕೊಂಡ ಮ್ಯೂಸಿಕ್ ಪ್ರೊಡ್ಯೂಸರ್ ಸೋಫೀ ಮೇಲೆ ಬರೆದಿರೋ ಹಾಡು. ಬದುಕಿದ್ದಾಗ ಹತ್ರ ಹೋಗಕ್ಕೆ ಹಿಂಜರಿದೋಳು ಹೋದ್ಮೇಲೆ ಅಳೋದು. ಕೊನೇ ಹಾಡಿಗೆ ಮುಂಚೆ, ನನಗೊಂದು ಮಗು ಬೇಕಾ ಬೇಡ್ವಾ, ಮಗು ಬಂದ್ರೆ ನನ್ ಕೆಲಸದ ಕಥೆ ಏನು ಅಂತ ಗೊಣಗಿಕೊಳ್ಳೋ ಹಾಡೊಂದಿದೆ, ಅದು ಮುಗಿದ್ ತಕ್ಷಣ ಮತ್ತೆ ಡಮಾರ್ ಅಂತ ಪಾರ್ಟಿ. ಆ ಎರಡನ್ನೂ ಅಕ್ಕಪಕ್ಕ ಇಟ್ಟಿರೋದೇ ಆಲ್ಬಮ್ಮಿನ ಜೀವ. ಬೇರೆ ಬೇರೆ ಕೇಳಿದ್ರೆ ಏನೂ ಆಗಲ್ಲ.

ಬೋರ್ ಎಲ್ಲಿ ಅಂದ್ರೆ, ರಿವೈಂಡ್. ಹಳೇ ದಿನಾನೇ ಚೆನ್ನಾಗಿತ್ತು ಅಂತ ಹಲುಬೋದು, ಅದನ್ನ ಅವ್ಳಿಗಿಂತ ಚೆನ್ನಾಗಿ ಬೇರೆಯವ್ರು ಮಾಡಿದಾರೆ.

ಇನ್ನೊಂದ್ ಮಾತು, ಗರ್ಲ್ ಸೋ ಕನ್‌ಫ್ಯೂಸಿಂಗ್ ಹಾಡಲ್ಲಿ ಇನ್ನೊಬ್ಳು ಹಾಡುಗಾರ್ತಿ ಬಗ್ಗೆ ಹೊಟ್ಟೆಯುರಿ ಕಕ್ಕಿದ್ಳಲ್ಲ, ಎರಡು ವಾರಕ್ಕೆ ಆ ಲಾರ್ಡೇನೇ ಬಂದು ರೀಮಿಕ್ಸ್‌ನಲ್ಲಿ ಉತ್ರ ಕೊಟ್ಳು. ಜಗಳ ಹಾಡಲ್ಲೇ ಶುರುವಾಗಿ ಹಾಡಲ್ಲೇ ರಾಜಿ ಆಗಿದ್ದು. ಈ ವರ್ಷ ನಂಗೆ ಕಣ್ಣಲ್ಲಿ ನೀರು ಬಂದಿದ್ದು ಅದೊಂದಕ್ಕೇ.

ಕಾಮನಬಿಲ್ಲು_ಹಳಬ

ನಾ ಸ್ವಲ್ಪ ವಯಸ್ಸಾದಂವ್ರಿ, ನಿಮ್ಮ ಹಸಿರು ಬಣ್ಣ ನನಗ ತಿಳೀದು. ನಂದು ದಿ ಕ್ಯೂರ್ ಬ್ಯಾಂಡಿಂದು, ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್.

2008ರಾಗ ಹಿಂದಿನ ಆಲ್ಬಮ್ ಬಂದಿತ್ರಿ, ಆಮ್ಯಾಲ 16 ವರ್ಷ ಬರೇ "ಬರ್ತೈತಿ, ಬರ್ತೈತಿ" ಅನ್ನೋದ ಕೇಳ್ಕೋತ ಕುಂತಿದ್ವಿ. ಬರಂಗಿಲ್ಲ ಅಂತ ಕೈ ಬಿಟ್ಟಿದ್ದೆ ನಾ. ನವೆಂಬರ್ 1ಕ್ಕ ಬಂತು. ಎಂಟ ಹಾಡು. ಮೊದಲನೇ ಹಾಡು ಅಲೋನ್ ಹಚ್ಚಿದ್ರ ಮೂರು ನಿಮಿಷ ದಾಟಿದ್ರೂ ಹಾಡುಗಾರ ರಾಬರ್ಟ್ ಸ್ಮಿತ್ ಬಾಯಿ ಬಿಡಂಗಿಲ್ಲ. ನನ್ನ ಮಗಳು ಬಂದು "ಅಪ್ಪಾ ಇದು ಬರೇ ಮ್ಯೂಸಿಕ್ ಏನು?" ಅಂತ ಕೇಳಿದ್ಲು. ತಡೀವಾ ಅಂದೆ. ದನಿ ಬಂತ್ ನೋಡ್ರಿ, 65 ವರ್ಷದ ಮನಷ್ಯಾಂದು, 1989ರಾಗ ಹೆಂಗಿತ್ತೋ ಹಂಗ ಐತಿ. ಆಕಿ ಸುಮ್ನ ಕುಂತು ಪೂರ್ತಿ ಕೇಳಿದ್ಲು.

ಕೊನೇ ಹಾಡು ಎಂಡ್‌ಸಾಂಗ್ ಹತ್ತು ನಿಮಿಷ ಐತ್ರಿ, ಅದರಾಗ ಅರ್ಧಕ್ಕಿಂತ ಹೆಚ್ಚು ಬರೇ ಡ್ರಮ್ಮು, ಗಿಟಾರು. ಈ ಹತ್ತು ವರ್ಷದಾಗ ಅಂವ ಅಪ್ಪ, ಅವ್ವ, ಅಣ್ಣ ಮೂವರ್ನೂ ಕಳ್ಕೊಂಡಾನ. ಐ ಕ್ಯಾನ್ ನೆವರ್ ಸೇ ಗುಡ್‌ಬೈ ಅಣ್ಣನ ಮ್ಯಾಲೆ ಬರದಿದ್ದು. ದುಃಖದ ಹಾಡು ಈ ಬ್ಯಾಂಡಿಗೆ ಹೊಸಾದಲ್ಲ, ಆದ್ರ ಮೊದಲೆಲ್ಲ ಹರೇದಾಗಿನ ದುಃಖ ಇತ್ತು, ಮಜಾ ಇತ್ತು ಅದರಾಗೂ. ಇದು ಖರೇ ದುಃಖ. ಇದಕ್ಕ ಮಜಾ ಇಲ್ಲ, ಆದ್ರೂ ಮತ್ತ ಮತ್ತ ಹಚ್ಚಬೇಕು ಅನಸ್ತೈತಿ, ಯಾಕಂತ ಗೊತ್ತಿಲ್ಲ.

ಸೊರಗಿದ್ದು: ವಾರ್‌ಸಾಂಗ್. ಗದ್ದಲ ಭಾಳ ಆತು, ಹೇಳೋದು ಕಡಿಮಿ.

ಟಿವಿಆಫ್

ಹಳಬ ಸರ್ ನಿಮ್ ಪೋಸ್ಟ್ ಓದಿ ಅಲೋನ್ ಕೇಳ್ದೆ, ಓಕೆ, ಚೆನ್ನಾಗಿದೆ. ಆದ್ರೆ ಈ ವರ್ಷ ರ್ಯಾಪರ್ ಕೆಂಡ್ರಿಕ್ ಲಮಾರ್‌ದು ಕಣ್ ಸಾರ್. ಜಿಎನ್ಎಕ್ಸ್.

ನವೆಂಬರ್ 22, ಒಂದು ಅನೌನ್ಸ್‌ಮೆಂಟ್ ಇಲ್ಲ ಏನಿಲ್ಲ, ಒಂದು ನಿಮಿಷದ ವಿಡಿಯೋ ಹಾಕ್ದ, ಸ್ವಲ್ಪ ಹೊತ್ತಿಗೆ ಆಲ್ಬಮ್ ಹೊರಗೆ. 12 ಹಾಡು 44 ನಿಮಿಷ. ವರ್ಷದ ದೊಡ್ಡ ದೊಡ್ಡ ಹಿಟ್ಟುಗಳಲ್ಲಿ ಒಂದಾದ ನಾಟ್ ಲೈಕ್ ಅಸ್ ಅವನ್ದೇ, ಅದನ್ನ ಆಲ್ಬಮ್ಮಿಗೆ ಸೇರಿಸಿಕೊಳ್ಳಲೇ ಇಲ್ಲ, ಆ ಧಿಮಾಕು ನೋಡಿ!! ಬೇರೆ ಯಾರಾದ್ರೂ ಆಗಿದ್ರೆ ಅದನ್ನ ಮೊದಲನೇ ಹಾಡು ಮಾಡಿ, ಕೊನೇಲಿ ಅದರ ರೀಮಿಕ್ಸೂ ತುರುಕ್ತಿದ್ರು. ಹೆಸ್ರು ಬಂದಿರೋದು 1987ರ ಬ್ಯೂಕ್ ಕಾರಿಂದ, ಅವನೂ ಹುಟ್ಟಿದ್ದು ಅದೇ ವರ್ಷ. ಮೊದಲನೇ ಹಾಡಿನ ಬಾಗಿಲಲ್ಲೇ ಡೇರಾ ಬರೇರಾ ಅನ್ನೋ ಮರಿಯಾಚಿ (ಮೆಕ್ಸಿಕೋ ಜಾನಪದ) ಹಾಡುಗಾರ್ತಿ ಸ್ಪ್ಯಾನಿಷ್‌ನಲ್ಲಿ ಎರಡು ಸಾಲು ಹಾಡ್ತಾಳೆ, ಕೊನೇ ಹಾಡು ಗ್ಲೋರಿಯಾದಲ್ಲೂ ಅವ್ಳೇ. ಆ ಗ್ಲೋರಿಯಾ ಅನ್ನೋದು ಯಾರೋ ಹುಡುಗಿ ಅಂತ ಪೂರ್ತಿ ಕೇಳ್ತಾ ಹೋಗ್ತೀವಿ, ಕೊನೇಲಿ ನೋಡಿದ್ರೆ ಅದು ಅವನ್ ಬರವಣಿಗೆ, ಅವನ್ ಪೆನ್ನು. ಅಲ್ಲಿಂದ ವಾಪಸ್ ಶುರುವಿಂದ ಹಾಕ್ದೆ ನಾನು.

ಸೊರಗೋದು ಪೀಕಬೂ. ನಾನೇ ಒಪ್ಕೋತೀನಿ, ಬೀಟ್ ಬಿಟ್ರೆ ಏನಿಲ್ಲ ಅದ್ರಲ್ಲಿ.

ಬಿಸೈಡ್_ಸುಬ್ಬ

@ಟಿವಿಆಫ್ ಮಗಾ, ಬಂದು ಐದು ವಾರ ಆಗಿದೆ ಅಷ್ಟೇ. ಇದನ್ನ ಈಗ್ಲೇ ವರ್ಷದ್ದು ಅಂದ್ರೆ ಹೆಂಗೆ, ಆಲ್ಬಮ್ಮು ಒಂದ್ಸಲ ಬೇಜಾರಾಗ್ಬೇಕು, ಬಿಟ್ಟಾಕ್ಬೇಕು, ಆಮೇಲೆ ಮತ್ತೆ ಹುಡುಕ್ಕೊಂಡು ಹೋಗ್ಬೇಕು, ಆಗ ಗೊತ್ತಾಗೋದು. ನಿಂದಿನ್ನೂ ಹನಿಮೂನ್.

ಟಿವಿಆಫ್

ಹಂಗಾದ್ರೆ ನವೆಂಬರಲ್ಲಿ ಆಲ್ಬಮ್ ಬಿಡೋದೇ ತಪ್ಪಾ? ಲಿಸ್ಟ್ ಮಾಡೋರು ಡಿಸೆಂಬರ್ ಶುರುಲೇ ಲಿಸ್ಟ್ ಹಾಕ್ಬಿಡ್ತಾರೆ, ಡಿಸೆಂಬರಲ್ಲಿ ಬಂದೋರ ಗತಿ ಏನು? ಆ ಕಡೆಗೂ ಇಲ್ಲ ಈ ಕಡೆಗೂ ಇಲ್ಲ. ಹಳಬ ಸರ್‌ದೂ ನವೆಂಬರೇ, ಅವ್ರಿಗೆ ಯಾಕ್ ಕೇಳಲ್ಲ ನೀವು?

ಕಾಮನಬಿಲ್ಲು_ಹಳಬ

ನಂದು 16 ವರ್ಷದ ಹನಿಮೂನ್ ತಮ್ಮಾ. ಅಲೋನ್, ಎಂಡ್‌ಸಾಂಗ್ ಎರಡೂ 2022ರ ಟೂರ್‌ನ್ಯಾಗ ಹಾಡಿದ್ರು, ಅವತ್ತಿಂದ ಯಾರೋ ಮೊಬೈಲ್‌ನ್ಯಾಗ ಹಿಡದ ವಿಡಿಯೋ ನೋಡ್ಕೋತ ಬಂದೀನಿ. ಐದು ವಾರ ಅಲ್ಲ ಇದು.

ಫೇಡರ್_ಅಕ್ಕ

ವರ್ಷ ಅಂದ್ರೆ ಯಾವ್ ವರ್ಷ ಅನ್ನೋದೇ ದೊಡ್ಡ ಗೊಂದಲ ಬಿಡಿ. ಗ್ರ್ಯಾಮಿಯವ್ರ ಲೆಕ್ಕ ನೋಡಿ, ಈ ಸಲದ ವರ್ಷ ಶುರುವಾಗೋದು 2023ರ ಸೆಪ್ಟೆಂಬರ್ 16ಕ್ಕೆ, ಮುಗಿಯೋದು 2024ರ ಆಗಸ್ಟ್ 30ಕ್ಕೆ. ಹಂಗಾಗಿ ಆಂಡ್ರೆ 3000ದು ಕೊಳಲಿನ ಆಲ್ಬಮ್ಮು, ಚಾಪೆಲ್ ರೋನ್‌ದು, ಎರಡೂ 2023ರಲ್ಲಿ ಬಂದಿದ್ದು, ಈಗ ನಾಮಿನೇಷನ್ ಲಿಸ್ಟಲ್ಲಿ ಕೂತಿವೆ. ಕ್ಯೂರು, ಕೆಂಡ್ರಿಕ್ಕು ಮುಂದಿನ ಸಲದ ಸಾಲಿಗೆ. ಟಿವಿಆಫ್‌ಗೆ ಇನ್ನೂ ಟೈಮಿದೆ, ಚಿಂತೆ ಬೇಡ.

ನಾನು ಮಿಕ್ಸಿಂಗ್ ಕೆಲಸ ಮಾಡೋಳು. ದಿನಾ ಎಂಟ್ ಗಂಟೆ ಬೇರೆಯವ್ರ ಹಾಡು ಕೇಳಿ ಮನೆಗೆ ಬಂದ್ಮೇಲೆ ಸ್ಪೀಕರ್ ಮುಟ್ಟಕ್ಕೂ ಮನಸ್ಸಾಗಲ್ಲ. ಹಂಗಿದ್ರೂ ಮುಟ್ಟಿದ್ದು ಒಂದಕ್ಕೆ, ಬೆತ್ ಗಿಬ್ಬನ್ಸ್ ಅವರ ಲೈವ್ಸ್ ಔಟ್‌ಗ್ರೋನ್. ಪೋರ್ಟಿಸ್‌ಹೆಡ್ ಬ್ಯಾಂಡಿನ ದನಿ ಅಂದ್ರೆ ಎಲ್ರಿಗೂ ಗೊತ್ತಾಗುತ್ತೆ. ಅವರ ಮೊದಲನೇ ಸೋಲೋ ಆಲ್ಬಮ್ ಇದು, ಹತ್ತು ವರ್ಷ ತಗೊಂಡ್ರು. ಡ್ರಮ್ಸ್ ಕೇಳಿ ಸಾಕು. ಪೋರ್ಟಿಸ್‌ಹೆಡ್ ಅಂದ್ರೆ ಸ್ನೇರ್ ಡ್ರಮ್ಮಿನ ಹೊಡ್ತ ತಾನೆ, ಇಲ್ಲಿ ಅದನ್ನೇ ಬೇಡ ಅಂತ ಪಕ್ಕಕ್ಕಿಟ್ಟಿದಾರೆ. ಟಾಕ್ ಟಾಕ್ ಬ್ಯಾಂಡಿನ ಲೀ ಹ್ಯಾರಿಸ್ ಬಾರಿಸಿರೋದು, ಪರದೆ ಬಟ್ಟೆ ತುಂಬಿದ ಡಬ್ಬಾನೇ ಕಾಲಲ್ಲಿ ಬಾರಿಸೋ ಕಿಕ್ ಡ್ರಮ್ಮು. ಅದಕ್ಕೇ ಪೆಟ್ಟು ಕಿವಿಗೆ ಬೀಳಲ್ಲ, ಎದೆ ಹತ್ರ ಎಲ್ಲೋ ಬೀಳುತ್ತೆ. ಅದ್ರ ಮೇಲೆ ಆ ಹೆಂಗಸು ಮುಟ್ಟು ನಿಲ್ಲೋದು, ವಯಸ್ಸಾಗೋದು, ಹತ್ತಿರದೋರು ಒಬ್ಬೊಬ್ರೇ ಹೋಗೋದು, ಇದನ್ನೆಲ್ಲ ಹಾಡ್ತಾಳೆ. ಮುಟ್ಟು ನಿಲ್ಲೋದ್ರ ಮೇಲೆ ಆಲ್ಬಮ್ಮು ಎಷ್ಟು ಕೇಳಿದೀರಾ ನೀವೆಲ್ಲ? ನಾನಂತೂ ಇದೇ ಮೊದ್ಲು.

ರಾತ್ರಿಪಾಳಿ, ಇದ್ರಲ್ಲೂ ರಿವೈಂಡ್ ಅಂತ ಒಂದು ಹಾಡಿದೆ, ನಿಮ್ಮದಕ್ಕಿಂತ ಚೆನ್ನಾಗಿದೆ, ಕೇಳಿ. ಸೊರಗೋ ಜಾಗ ಫಾರ್ ಸೇಲ್. ಆ ಹೊತ್ತಿಗೆ ನಂಗೆ ಅದೇ ಬಣ್ಣದ ಇನ್ನೊಂದು ಹಾಡು ಬೇಕಾಗಿರ್ಲಿಲ್ಲ.

ಶಫಲ್_ಶಂಭು

ಎಲ್ರೂ ಇಷ್ಟುದ್ದ ಬರೀತಿದೀರಾ, ನಾನು ಒಂದ್ ಮಾತ್ ಹೇಳ್ಲಾ? ಆಲ್ಬಮ್ ಅನ್ನೋದು ಸತ್ತು ಯಾವ ಕಾಲ ಆಯ್ತು. ನಂಗೆ ಬೇಕಾದ್ ಹಾಡು ನಾನ್ ಕೇಳ್ತೀನಿ. ಒಂದೊಳ್ಳೆ ಹಾಡಿಗೋಸ್ಕರ ಹನ್ನೊಂದು ಕೆಟ್ಟ ಹಾಡು ಕೇಳ್ಬೇಕು ಅನ್ನೋದು ಯಾವ್ ನ್ಯಾಯ. ಮೊದ್ಲು ಬೇರೆ ದಾರಿ ಇರ್ಲಿಲ್ಲ ಅಂತ ಹಂಗ್ ಕೇಳ್ತಿದ್ರು, ಈಗ ಇದೆ.

ಬಿಸೈಡ್_ಸುಬ್ಬ

ಶಂಭು, ನೀನು ಹೇಳೋದ್ರಲ್ಲಿ ಅರ್ಧ ಸರಿ. ಆಲ್ಬಮ್ ಅನ್ನೋ ಪದಾನೇ ಫೋಟೋ ಆಲ್ಬಮ್ ಥರದ್ದು. 78 ಆರ್‌ಪಿಎಂ ಪ್ಲೇಟ್ ಇತ್ತಲ್ಲ, ಒಂದು ಕಡೆಗೆ ಮೂರು ನಾಲ್ಕು ನಿಮಿಷ ಅಷ್ಟೇ ಹಿಡಿಯೋದು, ಅಂಥ ನಾಲ್ಕೈದು ಪ್ಲೇಟನ್ನ ಪುಸ್ತಕದ ಥರ ಕಟ್ಟಿ ಮಾರ್ತಿದ್ರು, ಅದೇ ಆಲ್ಬಮ್. 1948ರಲ್ಲಿ ಕೊಲಂಬಿಯಾದವ್ರು ಎಲ್‌ಪಿ ತಂದ್ಮೇಲೆ ಒಂದು ಕಡೆಗೆ ಇಪ್ಪತ್ತು ಚಿಲ್ಲರೆ ನಿಮಿಷ ಸಿಕ್ತು. ಎರಡು ಕಡೆ ಸೇರಿ ನಲವತ್ತು ನಲವತ್ತೈದು. ಈಗಲೂ ನೋಡು, ಬಿಲ್ಲಿದು, ಬ್ರ್ಯಾಟು, ಜಿಎನ್ಎಕ್ಸು ಎಲ್ಲಾ ಅಷ್ಟೇ ಉದ್ದ. ಪ್ಲೇಟ್ ಹೋಯ್ತು, ಸಿಡಿ ಬಂತು 74 ನಿಮಿಷದ್ದು, ಅದೂ ಹೋಯ್ತು, ಈಗ ಅಳತೆ ಅನ್ನೋದೇ ಇಲ್ಲ, ಎಷ್ಟುದ್ದ ಬೇಕಾದ್ರೂ ಮಾಡ್ಬೋದು. ಹಂಗಿದ್ರೂ ಸುತ್ತಿ ಸುತ್ತಿ ಜನ ಮುಕ್ಕಾಲು ಗಂಟೆಗೇ ವಾಪಸ್ ಬರ್ತಾರೆ ಅಂದ್ರೆ ಅದ್ರಲ್ಲಿ ಏನೋ ಇದೆ ತಾನೆ? ಒಂದೇ ಪಟ್ಟಿಗೆ ಕೂರಕ್ಕಾಗೋದು ಅಷ್ಟೇ ಇರ್ಬೇಕು ಮನುಷ್ಯಂಗೆ.

ಆಲ್ಬಮ್ ಸತ್ತಿದ್ರೆ 2021ರಲ್ಲಿ ಅಡೆಲ್ ಮಾತು ಕೇಳಿ ಸ್ಪಾಟಿಫೈಯವ್ರು ಆಲ್ಬಮ್ ಪೇಜಿನ ದೊಡ್ಡ ಬಟನ್ನಿಂದ ಶಫಲ್ ತೆಗೀತಿರ್ಲಿಲ್ಲ. ನಿನ್ ಹೆಸರಿಗೇ ಕೊಡಲಿ ಹಾಕಿದ್ಲು ಅವ್ಳು.

ಶಫಲ್_ಶಂಭು

ಹೆಹೆ. ಆದ್ರೂ ಟೇಲರ್ ಸ್ವಿಫ್ಟ್‌ದು 31 ಹಾಡು, ಬಿಯಾನ್ಸೇದು 27. ಮುಕ್ಕಾಲು ಗಂಟೆಗೆ ವಾಪಸ್ ಬಂದ್ರಂತೆ, ಯಾರು ಬಂದ್ರು??

ಫೇಡರ್_ಅಕ್ಕ

ಶಂಭು ಇಲ್ಲಿ ಗೋಲ್ ಹೊಡ್ದ. ಇದ್ರ ಹಿಂದೆ ಒಂದು ಲೆಕ್ಕಾಚಾರ ಇದೆ, ಹೇಳ್ತೀನಿ ಕೇಳಿ. ಬಿಲ್‌ಬೋರ್ಡ್ ಚಾರ್ಟಲ್ಲಿ 2024ರ ಲೆಕ್ಕದಂತೆ ದುಡ್ಡು ಕೊಟ್ಟ ಚಂದಾದಾರರು ಒಂದು ಆಲ್ಬಮ್ಮಿನ ಹಾಡುಗಳನ್ನ ಒಟ್ಟು 1,250 ಸಲ ಹಾಕಿದ್ರೆ ಒಂದು ಆಲ್ಬಮ್ ಮಾರಾಟ ಆದಂಗಿತ್ತು. ಜಾಹೀರಾತು ಕೇಳ್ಕೊಂಡು ಪುಕ್ಕಟೆ ಕೇಳೋರಾದ್ರೆ 3,750 ಸಲ ಬೇಕಿತ್ತು. ಎಷ್ಟು ನಿಮಿಷ ಕೇಳಿದ್ರು ಅಂತ ಅಲ್ಲ, ಎಷ್ಟು ಹಾಡು ಅಂತ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಓಡಿದ್ರೆ ಒಂದು ಸ್ಟ್ರೀಮ್. ಈಗ ಭಾಗಾಕಾರ ಮಾಡಿ, ಹತ್ತು ಹಾಡಿನ ಆಲ್ಬಮ್ಮಾದ್ರೆ 125 ಸಲ ಪೂರ್ತಿ ಓಡಿದ್ರೆ ಒಂದು ಮಾರಾಟ, 31 ಹಾಡಿಂದಾದ್ರೆ 41 ಸಲಕ್ಕೇ ಆಗೋಯ್ತು. ಉದ್ದ ಮಾಡೋಕೆ ಇದಕ್ಕಿಂತ ಕಾರಣ ಬೇಕಾ. ಕ್ಯೂರ್‌ನ ಹತ್ತು ನಿಮಿಷದ ಹಾಡು ಒಂದೇ ಸ್ಟ್ರೀಮು, ಪಾಪ.

ಹಂಗಂತ ಎರಡನ್ನೂ ಒಂದೇ ತಕ್ಕಡೀಲಿ ತೂಗ್ಬೇಡಿ. ಟೇಲರ್ ಮೊದ್ಲು 16 ಹಾಡು ಬಿಟ್ಟು ಎರಡು ಗಂಟೆ ಆದ್ಮೇಲೆ ಇನ್ನೂ 15 ಹಾಡು ಇಳಿಸಿದ್ಲು, ಅದು ಡೈರಿ, ಯಾರೂ ಕತ್ತರಿ ಹಾಕಿಲ್ಲ. ಅವಳಲ್ಲಿ ಒಳ್ಳೇ ಹಾಡಿಲ್ಲ ಅಂತಲ್ಲ, ಹನ್ನೆರಡಿದೆ, ಹುಡುಕ್ಕೋಬೇಕು ನೀವು. ಬಿಯಾನ್ಸೇದು ಕೌಬಾಯ್ ಕಾರ್ಟರ್ ಬೇರೆ ಥರ. ಅದು ರೇಡಿಯೋ ಸ್ಟೇಷನ್ ತಿರುಗಿಸಿದಂಗೆ ಕಟ್ಟಿರೋದು, ಮಧ್ಯ ವಿಲ್ಲಿ ನೆಲ್ಸನ್ ಬಂದು ಆರ್‌ಜೆ ಥರ ಮಾತಾಡ್ತಾರೆ, ಡಾಲಿ ಪಾರ್ಟನ್ ಬಂದು ಹೋಗ್ತಾರೆ, ಕಂಟ್ರಿ ಹಾಡಿನ ಮಧ್ಯ ಡಾಟರ್‌ನಲ್ಲಿ ಆರಿಯಾ ಅನ್ನೋ ಇಟಾಲಿಯನ್ ಶಾಸ್ತ್ರೀಯ ಹಾಡು ಹಾಡ್ತಾಳೆ, ಸುಮ್ನೆ ಬಾಯ್ಬಿಟ್ಕೊಂಡು ಕೇಳ್ದೆ. ನಂಗೆ ಅದ್ರ ಮೊದಲರ್ಧ ಪ್ರಾಣ. ಎರಡನೇ ಅರ್ಧದಲ್ಲಿ ಯಾ ಯಾ ಬಿಟ್ರೆ ಸುಸ್ತು. ಐದ್ ಸಲ ಪೂರ್ತಿ ಕೇಳಿಲ್ಲ, ಅದಕ್ಕೇ ಓಟ್ ಹಾಕ್ಲಿಲ್ಲ. ಪ್ರಾಮಾಣಿಕತೆ ಇರ್ಲಿ ಅಂತ.

ಕಡಲಬದಿ

ಉದ್ದದ್ದು ಎಲ್ಲ ಕೆಟ್ಟದ್ದು ಅಂತ ಅಲ್ಲ ಮಾರಾಯ್ರೆ. ಸಿಂಡಿ ಲೀ ಹೇಳಿ ಒಬ್ರು ಇದ್ದಾರೆ, ಡೈಮಂಡ್ ಜುಬಿಲಿ, 32 ಹಾಡು, ಎರಡು ಗಂಟೆ ಮೇಲೆ ಉಂಟು. ಬಿಟ್ಟಾಗ ಸ್ಪಾಟಿಫೈಯಲ್ಲೇ ಇಲ್ಲ! ಯೂಟ್ಯೂಬಲ್ಲಿ ಒಂದೇ ಉದ್ದದ ವಿಡಿಯೋ ಮಾಡಿ ಹಾಕಿದ್ದು, ಇಲ್ಲದಿದ್ರೆ ಹಳೇ ಕಾಲದ ಜಿಯೋಸಿಟೀಸ್ ಥರದ ಪೇಜಿಂದ ಫೈಲ್ ಇಳಿಸಿಕೊಳ್ಬೇಕು. ಅಲ್ಲಿ ಅಕ್ಕ ಹೇಳಿದ ಸ್ಟ್ರೀಮ್ ಲೆಕ್ಕ ಎಂತ ಮಣ್ಣೂ ಇಲ್ಲ. ಯಾರೋ ಪಕ್ಕದ ರೂಮಲ್ಲಿ ಹಳೇ ರೇಡಿಯೋ ಹಚ್ಚಿಟ್ಟು ಮರ್ತು ಹೋದ ಹಾಗೆ ಕೇಳ್ತದೆ. ಆ ಥರ ಬಿಟ್ಟದ್ದಕ್ಕೇ ಜನ ಪೂರ್ತಿ ಕೇಳಿದ್ದು ಅಂತ ನನಗೆ ತೋರ್ತದೆ, ಮುಂದೆ ಒತ್ತಲಿಕ್ಕೆ ಬಟನ್ ಇಲ್ಲ ಅಲ್ವಾ.

ಆದ್ರೆ ನನ್ನ ಓಟು ಅದಕ್ಕಲ್ಲ. ಹಾಡುಗಾರ್ತಿ ಅರೂಜ್ ಆಫ್ತಾಬ್, ನೈಟ್ ರೇನ್. ಒಂಬತ್ತು ಹಾಡು. ರಾತ್ರಿ ಬಿಟ್ಟು ಬೇರೆ ಹೊತ್ತಲ್ಲಿ ಹಾಕಿದ್ರೆ ಅದು ಬಾಯೇ ಬಿಡುವುದಿಲ್ಲ, ಒಮ್ಮೆ ಮಧ್ಯಾಹ್ನ ಟ್ರೈ ಮಾಡಿ ನೋಡಿದ್ದೇನೆ. ನ ಗುಲ್ ಹಾಡಿನ ಸಾಹಿತ್ಯ 18ನೇ ಶತಮಾನದ ಹೈದರಾಬಾದಿನ ಮಹ್ ಲಖಾ ಬಾಯಿ ಚಂದಾ ಬರೆದದ್ದು, ಉರ್ದುವಿನಲ್ಲಿ ಕವನ ಸಂಕಲನ ತಂದ ಮೊದಮೊದಲ ಹೆಂಗಸರಲ್ಲಿ ಅವಳೊಬ್ಬಳು. ಸಾಖಿಯಲ್ಲಿ ವಿಜಯ್ ಅಯ್ಯರ್ ಪಿಯಾನೋ ಉಂಟು, ಅದು ನುಡಿಸಿದ್ದಾ ಉಸಿರು ಬಿಟ್ಟದ್ದಾ ಗೊತ್ತಾಗುವುದಿಲ್ಲ. ರಾತ್ ಕಿ ರಾನಿಯಲ್ಲಿ ದನಿಗೆ ಕಂಪ್ಯೂಟರಿನ ಆಟೋಟ್ಯೂನ್ ಹಾಕಿದ್ದಾಳೆ, ಶುದ್ಧ ಸಂಗೀತದವರು ಬೊಬ್ಬೆ ಹೊಡೀಬಹುದು, ನನಗೆ ಅದೇ ಇಷ್ಟ.

ಸೊರಗಿದ್ದು ಆಟಮ್ ಲೀವ್ಸ್. ಜಾಝ್ ಕಲಿಯುವವರೆಲ್ಲ ಹಾಡಿ ಹಾಡಿ ಸವೆದದ್ದು ಅದು, ಇವಳೂ ಯಾಕೆ ಅಂತ ಅನ್ನಿಸ್ತು.

ಗ್ರೋಲ್_ಗೋಪಿ

ಸುಬ್ಬಣ್ಣ ನಿನ್ ರೂಲ್ಸಿಗೆ ಹೇಳಿ ಮಾಡ್ಸಿದ್ ಆಲ್ಬಮ್ ನನ್ಹತ್ರ ಇದೆ. ಬ್ಲಡ್ ಇನ್ಕ್ಯಾಂಟೇಷನ್ ಅನ್ನೋ ಬ್ಯಾಂಡಿಂದು, ಆಬ್ಸೊಲ್ಯೂಟ್ ಎಲ್ಸ್‌ವೇರ್. ಒಟ್ಟು ಎರಡೇ ಹಾಡು. ಎರಡೂ ಇಪ್ಪತ್ತು ನಿಮಿಷದ ಮೇಲೆ. ಸ್ಟ್ರೀಮಿಂಗ್‌ನಲ್ಲಿ ಒಂದೊಂದನ್ನ ಮೂರ್ ಮೂರು ಟ್ಯಾಬ್ಲೆಟ್ ಅಂತ ತುಂಡು ಮಾಡಿ ಹಾಕಿದಾರೆ ಆದ್ರೆ ತುಂಡ್ ತುಂಡಾಗಿ ಕೇಳೋನು ಯಾರೂ ಇಲ್ಲ.

ಡೆತ್ ಮೆಟಲ್ ಅಂದ ತಕ್ಷಣ ಓಡೋಗ್ಬೇಡಿ. ಬರ್ಲಿನ್‌ನ ಹಾನ್ಸಾ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿರೋದು. ಐದ್ ನಿಮಿಷ ಕತ್ತು ಕುಯ್ದಂಗೆ ಕಿರುಚಾಟ, ತಟ್ಟಂತ ನಿಂತು ಎಪ್ಪತ್ತರ ದಶಕದ ಪಿಂಕ್ ಫ್ಲಾಯ್ಡ್ ಥರ ಗಿಟಾರು ತೇಲ್ಕೊಂಡು ಹೋಗುತ್ತೆ, ಟ್ಯಾಂಜರೀನ್ ಡ್ರೀಮ್‌ನ ಥಾರ್ಸ್ಟನ್ ಕ್ವೇಶ್ನಿಂಗ್ ಬಂದು ಸಿಂಥ್ ನುಡಿಸ್ತಾರೆ, ನೀವು ಕಣ್ಮುಚ್ಚಿ ಇನ್ನೇನ್ ನಿದ್ದೆ ಬಂತು ಅನ್ನೋ ಟೈಮಿಗೆ ಮತ್ತೆ ಡಬಲ್ ಬೇಸ್ ಡ್ರಮ್ಮಿನ ಹೊಡ್ತ. ನಮ್ಮಮ್ಮ ಆ ತೇಲೋ ಭಾಗ ಕೇಳಿ "ಇದ್ ಚೆನ್ನಾಗಿದ್ಯಲ್ಲೋ" ಅಂತ ರೂಮೊಳಗ್ ಬಂದು ಕೂತ್ರು, ಎರಡ್ ನಿಮಿಷಕ್ಕೆ ಎದ್ದೋದ್ರು.

ಬೋರು ಎಲ್ಲಿ ಅಂದ್ರೆ ಅದೇ ಸಿಂಥ್ ಭಾಗದಲ್ಲಿ ಮೊದಲ್ ಎರಡ್ ನಿಮಿಷ. ಏನೂ ಆಗಲ್ಲ. ಆದ್ರೆ ಅದಿಲ್ದೆ ಆಮೇಲಿನ ಹೊಡ್ತಕ್ಕೆ ಬೆಲೆ ಇಲ್ಲ, ಅದ್ರಿಂದ ಬೋರ್ ಆಗ್ಲಿ ಅಂತಾನೇ ಇಟ್ಟಿರೋದು ಅನ್ಸುತ್ತೆ. ಓಪೆತ್ ಬ್ಯಾಂಡಿಂದೂ ನವೆಂಬರಲ್ಲಿ ಬಂತು, 2008ರ ವಾಟರ್‌ಶೆಡ್ ಆದ್ಮೇಲೆ ಮೊದಲ್ನೇ ಸಲ ಗ್ರೋಲ್ (ಗಂಟಲಲ್ಲಿ ಗುರುಗುಟ್ಟೋದು) ವಾಪಸ್, ಜೆತ್ರೊ ಟಲ್‌ನ ಇಯಾನ್ ಆಂಡರ್ಸನ್ ಕೊಳಲು ಬೇರೆ. ಅದಕ್ಕೂ ಓಟ್ ಹಾಕ್ಬೋದಿತ್ತು ಆದ್ರೆ ಮೂರೇ ಸಲ ಕೇಳಿರೋದು, ರೂಲ್ಸ್ ಅಂದ್ರೆ ರೂಲ್ಸ್.

ರಾತ್ರಿಪಾಳಿ

ಒಂದ್ ನಿಮಿಷ ಒಂದ್ ನಿಮಿಷ. ಮೇಲಿಂದ ಮತ್ತೆ ಓದ್ತಾ ಇದ್ದೆ. ಎಲ್ರೂ ಸೊರಗೋ ಜಾಗ ಹೇಳಿದಾರೆ. ನಾನು ರಿವೈಂಡ್ ಅಂದೆ, ಹಳಬ ಸರ್ ವಾರ್‌ಸಾಂಗ್ ಅಂದ್ರು, ಟಿವಿಆಫ್ ಪೀಕಬೂ ಅಂದ, ಅಕ್ಕ ಫಾರ್ ಸೇಲ್ ಅಂದ್ರು. ಸುಬ್ಬ ಅವ್ರೆ, ರೂಲ್ ಮಾಡಿದ್ದು ನೀವು. ಬಿಲ್ಲಿ ಆಲ್ಬಮ್ಮಲ್ಲಿ ಬೋರ್ ಎಲ್ಲಿ??

ಫೇಡರ್_ಅಕ್ಕ

ಅಯ್ಯೋ ಹೌದಲ್ಲ! ಮೊದಲ್ನೇ ಪೋಸ್ಟಲ್ಲಿ ಬರೀ ಹೊಗಳಿಕೆ. "ಬರೀ ಅಭಿಮಾನಿ ಅಂತ ಲೆಕ್ಕ" ಅಂದಿದ್ದು ಯಾರಪ್ಪಾ ಅದು 😄

ಟಿವಿಆಫ್

ಐದು ವಾರದ ಹನಿಮೂನ್ ಅಂದೋರು ಏಳು ತಿಂಗಳಾದ್ರೂ ಇನ್ನೂ ಹನಿಮೂನಲ್ಲೇ ಇದಾರೆ ಸಾರ್

ಬಿಸೈಡ್_ಸುಬ್ಬ

ಇರ್ರೋ, ಉತ್ರ ಕೊಡ್ತೀನಿ. ನಿನ್ನೆ ರಾತ್ರಿ ಇದಕ್ಕೋಸ್ಕರಾನೇ ಫೋನ್ ಬೇರೆ ರೂಮಲ್ಲಿಟ್ಟು ಮತ್ತೆ ಶುರುವಿಂದ ಹಾಕ್ದೆ. ಏಳನೇ ಹಾಡು ಮುಗೀತು, ಎಂಟನೇದು ಶುರುವಾಯ್ತು, ದಿ ಡೈನರ್. ಒಬ್ಬಳ ಬೆನ್ನು ಬಿದ್ದಿರೋ ಹುಚ್ಚನ ಬಾಯಲ್ಲಿ ಹಾಡಿರೋ ಹಾಡು. ತುತ್ತೂರಿ ಥರದ ಒಂದು ಸೌಂಡು ಸುತ್ತಿ ಸುತ್ತಿ ಬರುತ್ತೆ. ಅರ್ಧ ಆದಾಗ ಗೊತ್ತಾಯ್ತು, ಮುಂದೇನ್ ಬರುತ್ತೆ ಅಂತ ನಂಗೆ ಗೊತ್ತೇ ಇಲ್ಲ. ಬೇರೆ ಒಂಬತ್ತು ಹಾಡು ಉಸಿರು ತಗೊಳ್ಳೋದು ಎಲ್ಲಿ ಅಂತಾನೂ ಗೊತ್ತು, ಇದು ಮಾತ್ರ ಹೊಸ ಹಾಡು ಕೇಳ್ದಂಗಿದೆ. ಅಂದ್ರೆ ಇಷ್ಟು ದಿನ ಅದು ಬಂದಾಗೆಲ್ಲ ಬೆರಳು ತಾನಾಗೇ ಮುಂದಿನ ಹಾಡಿಗೆ ಹೋಗ್ತಿತ್ತು, ನಂಗೇ ಅರಿವಿಲ್ದಂಗೆ.

ಸೊರಗೋ ಜಾಗ ಅದೇ ಅಂತ ಬರ್ಕೊಳ್ಳಿ. ಆದ್ರೆ ಇಡೀ ಹಾಡು ಕೇಳಿದ್ದು ನಿನ್ನೆ ಮೊದಲ್ನೇ ಸಲ, ಅಷ್ಟೇನೂ ಕೆಟ್ಟದಾಗಿಲ್ಲ ಅದು.

ಶಫಲ್_ಶಂಭು

ಅಂದ್ರೆ ಐದ್ ಸಲ ಪೂರ್ತಿ ಕೇಳಿಲ್ಲ. ಓಟ್ ಕ್ಯಾನ್ಸಲ್. ಅಡೆಲ್ ಕೊಡಲಿ ಯಾರಿಗ್ ಬಿತ್ತು ಈಗ 😂

ಬಿಸೈಡ್_ಸುಬ್ಬ

ಒಂದೇ ಸಲ ಕೇಳಿದೀನಿ ಲೆಕ್ಕಕ್ಕೆ. ಕ್ಯಾನ್ಸಲ್ಲು, ಒಪ್ಕೊಂಡೆ. ಬೇರೆ ಯಾರಾದ್ರೂ ಕಳ್ಳರಿದ್ರೆ ಈಗ್ಲೇ ಕೈ ಎತ್ತಿ.

ಟಿವಿಆಫ್

ಪೀಕಬೂ ಎರಡ್ ಸಲ ಹಾರ್ಸಿದೀನಿ

ರಾತ್ರಿಪಾಳಿ

ರಿವೈಂಡ್. ಎಷ್ಟ್ ಸಲ ಅಂತ ಕೇಳ್ಬೇಡಿ

ಕಾಮನಬಿಲ್ಲು_ಹಳಬ

ನಾ ಹಾರಿಸಿಲ್ರಿ. ಆದ್ರ ಎಂಡ್‌ಸಾಂಗ್ ನಡೂಕ ಒಂದೆರಡು ಸಲ ನಿದ್ದಿ ಹತ್ತೈತಿ, ಅದು ಲೆಕ್ಕಕ್ಕ ಬರ್ತೈತೇನು?

ಗ್ರೋಲ್_ಗೋಪಿ

ಹಂಗಾದ್ರೆ ಉಳಿದಿದ್ದು ನಾನೂ, ಅಕ್ಕನೂ, ಕಡಲಬದಿಯವ್ರೂ. ಅವ್ರಿಬ್ರೂ ಇನ್ನೂ ಬಾಯ್ ಬಿಟ್ಟಿಲ್ಲ ನೋಡಿ. ನಂಗಂತೂ ಹಾರ್ಸೋಣ ಅಂದ್ರೂ ಹಾರ್ಸಕ್ಕೆ ಇನ್ನೊಂದೇ ಹಾಡ್ ಇರೋದು.